ಬೇಡವೆಂದ ಕನ್ನಡಕ

ಹೊಲಿಗೆಯಕ್ಕ ಅಂಗಿಗೆ ಕಾಜಾ ಹಾಕುತ್ತಿದ್ದಾಗ ಮಗಳು ಪುಟ್ಟಿ ಶಾಲೆಯಿಂದ ಬಂದು ಒಂದು ಚೀಟಿ ಕೊಟ್ಟಳು. ಎರಡನೇ ಬೆಂಚಿನಿಂದಲೂ ಹುಡುಗಿಗೆ ಬೋರ್ಡು ಕಾಣುತ್ತಿಲ್ಲ, ಕಣ್ಣು ತೋರಿಸಿ ಎಂದು ಟೀಚರ್ ಬರೆದಿದ್ದರು.

"ಮುಂದಿನ ವರ್ಷ ನೋಡೋಣ ಬಿಡು" ಎಂದಳು ಹೊಲಿಗೆಯಕ್ಕ. ಎಂದ ಮೇಲೆ ಸೂಜಿ ಹಿಡಿದ ಕೈ ನಿಂತಿತು. ಆ ಮಾತು ಅವಳದಲ್ಲ, ಅವಳ ಅಮ್ಮನದು.

ಪುಟ್ಟಿಯ ವಯಸ್ಸಿನಲ್ಲಿ ಅವಳು ಹಟ ಹಿಡಿದು ಕೇಳಿದ್ದು ಕನ್ನಡಕವನ್ನು. ರಿಬ್ಬನ್ನು, ಬಣ್ಣದ ಪೆನ್ಸಿಲ್ಲು ಎಲ್ಲ ಕೊಡಿಸಿದ ಅಮ್ಮ ಅದೊಂದನ್ನು ಕೊಡಿಸಲಿಲ್ಲ. ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡೇ ಅವಳು ತರಗತಿಗಳನ್ನು ದಾಟಿದಳು. ಲೆಕ್ಕ ಮಾತ್ರ ಹಾಗೆ ಬರಲಿಲ್ಲ. ಹತ್ತರಲ್ಲಿ ಎರಡು ಸಲ ನಪಾಸಾಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಹತ್ತಿರದ್ದು ಚೆನ್ನಾಗಿ ಕಾಣುತ್ತಿದ್ದುದರಿಂದ ಕೆಲಸ ಕೈಹಿಡಿಯಿತು. ಬೀದಿಯಲ್ಲಿ ಯಾರಾದರೂ ದೂರದಿಂದ ನಕ್ಕರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸೊಕ್ಕಿನವಳು ಎಂಬ ಹೆಸರು ಬಂತು.

ಚೀಟಿಯ ವಿಷಯ ಕಿವಿಗೆ ಬಿದ್ದು ಈಗ ಅಡುಗೆಮನೆಯಿಂದ ಅಮ್ಮ ಬಂದಳು. "ಇಷ್ಟು ಚಿಕ್ಕವಳಿಗೆ ಕನ್ನಡಕ ಯಾಕೆ? ಮೂಗಿನ ಮೇಲೆ ಕಲೆ ಬೀಳುತ್ತೆ. ಕ್ಯಾರೆಟ್ ತಿಂದ್ರೆ ಸರಿಹೋಗುತ್ತೆ."

"ನಾನು ಮೊಲಕ್ಕಿಂತ ಜಾಸ್ತಿ ತಿಂದಿದ್ದೀನಲ್ಲಮ್ಮ. ಸರಿಹೋಯ್ತಾ?"

ಅಮ್ಮ ಸ್ಟೂಲಿನ ಮೇಲೆ ಕೂತಳು. "ನನ್ನ ತಂಗಿಗೆ ಕನ್ನಡಕ ಇದೆ ಅಂತ ಮೂರು ಕಡೆಯವರು ಮದುವೆ ಬೇಡ ಅಂದ್ರು. ಅವಳು ಅತ್ತಿದ್ದನ್ನ ನೋಡಿದ್ದೀನಿ. ನಿನಗೆ ಹಾಗಾಗದೇ ಇರ್ಲಿ ಅಂತ ಅಷ್ಟೇ. ನಿನ್ನ ಮೇಲೆ ನನಗೇನು ದ್ವೇಷಾನಾ?"

"ಇಲ್ಲಮ್ಮ, ಗೊತ್ತು. ಆದ್ರೆ ತಪ್ಪು ಮಾಡಿದ್ದು ಅವರು. ಅದಕ್ಕೆ ನಾನ್ಯಾಕೆ ತಡವರಿಸ್ಕೊಂಡು ಬೆಳೀಬೇಕಿತ್ತು? ನಾಳೆ ಪುಟ್ಟೀನ ಕರ್ಕೊಂಡು ಹೋಗ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ" ಎಂದಳು ಅಮ್ಮ. ದನಿಯಲ್ಲಿ ಒಪ್ಪಿಗೆಯೇನೂ ಇರಲಿಲ್ಲ.

ಮರುದಿನ ಕನ್ನಡಕದಂಗಡಿಯವನು ಪುಟ್ಟಿಯ ಕಣ್ಣು ಪರೀಕ್ಷಿಸಿ, "ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?" ಎಂದು ಕೇಳಿದ.

"ನನಗಿದೆ."

"ನಂಬರ್ ಎಷ್ಟು?"

"ಯಾವತ್ತೂ ನೋಡಿಸಿಲ್ಲ."

ಅವನು ಕುರ್ಚಿ ತೋರಿಸಿದ. ಭಾರದ ಚೌಕಟ್ಟೊಂದನ್ನು ಅವಳ ಮೂಗಿಗೇರಿಸಿ ಗಾಜು ಬದಲಿಸುತ್ತ ಹೋದ. ಎದುರಿನ ಅಕ್ಷರಗಳು ಒಂದೊಂದೇ ತಿಳಿಯಾದವು. ಕೊನೆಯ ಸಾಲು ಓದಿ ಮುಗಿಸಿ ಅವಳು ಬಾಗಿಲ ಕಡೆ ತಿರುಗಿದಳು.

ಹತ್ತು ಹೆಜ್ಜೆಯಾಚೆ ಅಮ್ಮ ನಿಂತಿದ್ದಳು. ಅಷ್ಟು ದೂರದಲ್ಲಿ ಅಮ್ಮನೆಂದರೆ ಅವಳಿಗೆ ಇಷ್ಟು ವರ್ಷ ಬರೀ ಬಟ್ಟೆಯ ಬಣ್ಣ. ಈಗ ಮುಖ ಕಂಡಿತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮಗಳಿಗೆ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಅಮ್ಮ ಅದನ್ನು ಒರೆಸಿಕೊಂಡಿರಲಿಲ್ಲ.

"ಅಳಬೇಡಮ್ಮ."

"ನಾನೆಲ್ಲಿ ಅಳ್ತಿದ್ದೀನಿ?"

"ಕಾಣಿಸ್ತಿದೆ."

ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಕೆನ್ನೆ ಒರೆಸಿಕೊಂಡು, ಪುಟ್ಟಿಯ ಕೈ ಹಿಡಿದು ಗಾಜಿನ ಕಪಾಟಿನ ಹತ್ತಿರ ಹೋದಳು. ಬಗ್ಗಿ, ಫ್ರೇಮುಗಳನ್ನು ಒಂದೊಂದಾಗಿ ನೋಡಿದಳು.

"ನಿನಗೆ ಆ ಕೆಂಪು ಒಪ್ಪುತ್ತೆ" ಎಂದಳು ಮೊಮ್ಮಗಳಿಗೆ. ಆಮೇಲೆ ಅಂಗಡಿಯವನ ಕಡೆ ನೋಡಿ, "ನನ್ನ ಮಗಳಿಗೂ ತೋರಿಸಪ್ಪ, ಚೆನ್ನಾಗಿರೋದನ್ನೇ" ಎಂದಳು.