ತಳದ ಸಾಲಿನ ನಾಲ್ಕು ಮೂಟೆ

ತಿಗನಾರೆಯ ಆ ಬೀದಿಯಲ್ಲಿ ಹುಣಸೆ ಮೂಟೆ ಲಾರಿ ಹತ್ತುವ ದಿನವೆಂದರೆ ಮನೆಮಗಳನ್ನು ಗಂಡನ ಮನೆಗೆ ಕಳಿಸುವ ದಿನವಿದ್ದಂತೆ. ಏಳು ಮನೆಯ ಹೆಂಗಸರು ಎರಡು ತಿಂಗಳು ಜಗಲಿ ಬಿಟ್ಟು ಏಳದೆ ಹಣ್ಣು ಬಡಿದು, ಬೀಜ ತೆಗೆದು, ನಾರೆಳೆದು ಹನ್ನೊಂದು ಮೂಟೆ ಮಾಡಿದ್ದರು. ಸಾರಿಗೆ ಉಪ್ಪು ಹಾಕಹೋದರೆ ಬೆರಳು ಚುರುಚುರು ಅನ್ನುತ್ತಿತ್ತು. ಇವರಿಗೆಲ್ಲ ಮುಂದಾಳು ಲೋಕೇಶ್ವರಿ. ಹೋದ ವರ್ಷ ಈರೋಡಿನ ಮಂಡಿಯ ನಂಜಪ್ಪ, "ಕಲ್ಲು ಅದೆ, ಬೀಜ ಅದೆ" ಅಂತ ಮೂಗು ಮುರಿದಿದ್ದ. "ಈ ಸಲ ಸುದ್ದ್ವಾಗಿ ತನ್ನಿ, ವರ್ಸಾವರ್ಸ ನಿಮ್ದೇ ತಕ್ಕತೀನಿ" ಅಂತಲೂ ಅಂದಿದ್ದ. ಆ ಒಂದು ಮಾತಿನ ಮೇಲೆ ಏಳು ಮನೆ ನಿಂತಿತ್ತು.

ಹನ್ನೊಂದು ಮೂಟೆಗೆ ಬೆಟ್ಟ ಹತ್ತಿ ಯಾವ ಲಾರಿ ಬರುತ್ತದೆ? ಅದಕ್ಕೇ ಇರುವುದು ಚಿಲ್ಲರೆ ಲೋಡು. ತಾಳವಾಡಿಯ ಪ್ರಕಾಶ ತನ್ನ ಲಾರಿಯಲ್ಲಿ ಊರೂರು ಸುತ್ತಿ, ಇವರದು ಹತ್ತು ಮೂಟೆ, ಅವರದು ಇಪ್ಪತ್ತು ಅಂತ ಹೇರಿಕೊಂಡು, ತುಂಬಿದ ಮೇಲೆ ಘಾಟಿ ಇಳಿಯುತ್ತಿದ್ದ. ಕೊನೆಗೆ ಇಳಿಯುವ ಮಾಲು ಮೊದಲು ಹತ್ತಬೇಕು. ಹುಣಸೆ ಹೋಗುವುದು ಈರೋಡಿಗೆ. ಗೆಟ್ಟವಾಡಿಯ ಶಿವಶಂಕರಪ್ಪನವರ ಎಲೆಕೋಸು ನಡುವೆ ಸತ್ಯಮಂಗಲದಲ್ಲೇ ಇಳಿದುಬಿಡುತ್ತದೆ. ಹಾಗಾಗಿ ಹುಣಸೆಗೆ ತಳದ ಜಾಗ.

"ಮೊದ್ಲು ನಮ್ದೇ ಅತ್ತದು ಕಣವ್ವ, ಒಳ್ಳೇದೇ ಆಯ್ತು" ಅಂದಳು ರಾಚಮ್ಮ. ಬೀದಿಗೆಲ್ಲ ಹಿರಿಯಳು ಅವಳು. ಮೊದಲ ಮಾಲು ಹತ್ತುವ ಲಾರಿಗೆ ಪೂಜೆಯಾಗಬೇಕು, ಅದು ಆ ಬೀದಿಯ ಪದ್ಧತಿ. ಹಿಂಬಾಗಿಲಿಗೆ ಕುಂಕುಮವಿಟ್ಟರು, ಚಕ್ರದ ಮುಂದೆ ಕಾಯಿ ಒಡೆದರು. ಲೋಕೇಶ್ವರಿ ಸೆರಗು ಸಿಕ್ಕಿಸಿಕೊಂಡು ಲಾರಿ ಹತ್ತಿ, ಹಾಸಿದ್ದ ಟಾರ್ಪಾಲಿನ ಮೇಲೆ ಒಂದು ಕೊಡ ಅರಿಶಿನದ ನೀರು ಹುಯ್ದು, ಪೊರಕೆಯಲ್ಲಿ ಗುಡಿಸಿ, ಒರೆಸಿದಳು. ನೀರು ಟಾರ್ಪಾಲಿನ ತೂತುಗಳಲ್ಲಿ ಗುಟುಗುಟು ಇಳಿದುಹೋಯಿತು. ಪ್ರಕಾಶ ಎಲೆ ಅಡಿಕೆ ಜಗಿಯುತ್ತ ನೋಡಿದ.

ಕೋಸು ಹೇರಿಕೊಂಡು ಹಾಸನೂರು ದಾಟುವ ಹೊತ್ತಿಗೆ ಬಿಸಿಲೇರಿತ್ತು. ಮುಂದೆ ಕೂತಿದ್ದ ಲೋಕೇಶ್ವರಿಗೆ ಹಿಂದಿನಿಂದ ಏನೋ ಗಪ್ಪೆಂದು ಬಂತು.

"ಏನ್ ಪ್ರಕಾಶ, ಇಂಗ್ ನಾರ್ತದೆ?"

"ಕೋಸು ಕಣಕ್ಕ. ಬಿಸ್ಲಿಗೆ ಬೆಂದೋಯ್ತದೆ."

"ನಾವೂ ಕೋಸ್ ತಿಂದೋರೇ ಕಣಪ್ಪ."

"ಶಿವಶಂಕರಪ್ಪೋರ್ ಕೋಸು. ಅವರ್ಗೇ ಯೋಳು" ಅಂದು ನಕ್ಕ.

ದಿಂಬದ ತಿರುವುಗಳಲ್ಲಿ ಲಾರಿ ವಾಲಿದಾಗಲೆಲ್ಲ ಆ ನಾತವೂ ವಾಲಿಕೊಂಡು ಬಂದು ಮುಖಕ್ಕೆ ಬಡಿಯಿತು. ಸತ್ಯಮಂಗಲದಲ್ಲಿ ಕೋಸು ಇಳಿಯಿತು. ನಾತ ಇಳಿಯಲಿಲ್ಲ. ಪ್ರಕಾಶ ಕಣ್ಣು ಮಿಟುಕಿಸದೆ ರಸ್ತೆ ನೋಡುತ್ತಿದ್ದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಈರೋಡಿನ ಮಂಡಿಯಲ್ಲಿ ಮೇಲಿನ ಏಳು ಮೂಟೆ ಚೆನ್ನಾಗಿಯೇ ಇಳಿದವು. ನಂಜಪ್ಪ ಒಂದರ ಬಾಯಿ ಬಿಚ್ಚಿ ಎಸಳು ಬಾಯಿಗಿಟ್ಟು ತಲೆದೂಗಿದ. ತಳದ ಸಾಲಿನ ನಾಲ್ಕನ್ನು ಎತ್ತಿದ ಹಮಾಲಿ ಮಾತ್ರ "ಥೂ" ಅಂದು ಕೈ ಬಿಟ್ಟ. ಗೋಣಿಯ ತಳವೆಲ್ಲ ಕಂದು ಬಣ್ಣದ ಲೋಳೆ. ಲೋಕೇಶ್ವರಿ ಟಾರ್ಪಾಲಿನ ಅಂಚು ಎತ್ತಿದಳು. ಹಲಗೆಯ ಮೇಲೆ ಎರಡು ಬೆರಳು ದಪ್ಪ ಕೋಳಿಗೊಬ್ಬರ, ನೀರು ಕುಡಿದು ಅಂಬಲಿಯಾಗಿ, ನಡುವೆ ಪುಕ್ಕ, ನಡುವೆ ಬಿಳಿ ಹುಳ. ಅದರ ಮೇಲೆ ಅವಳದೇ ಅರಿಶಿನ ತೇಲುತ್ತಿತ್ತು.

"ಬಯಲಿಂದ ಮ್ಯಾಕ್ ಬರೋವಾಗ ಕೋಳಿಗೊಬ್ರ ತರ್ತೀನಿ ಕಣಕ್ಕ. ನಿಮ್ಮೂರ್ ಒಲಕ್ಕೇ ತಾನೆ ಉಯ್ಯೋದು?" ಅಂದ ಪ್ರಕಾಶ. "ಬರೀ ಲಾರಿ ಮ್ಯಾಕ್ ಅತ್ಸಕಾಯ್ತದಾ?"

"ತೊಳೀಬಾರ್ದಾಗಿತ್ತಾ?"

"ಒಣಗ್ಬುಟ್ಟಿತ್ತು. ಒಣಗಿದ್ದು ಏನೂ ಮಾಡಾಕಿಲ್ಲ. ನೀರ್ ಉಯ್ದೋರ್ ಯಾರು?"

"ನೋಡ್ತಾ ನಿಂತಿದ್ದಲ್ಲಪ್ಪ. ಒಂದ್ ಮಾತ್ ಯೋಳ್ಬಾರ್ದಾ?"

"ಪೂಜೆ ಮಾಡ್ತಿದ್ರಿ. ಪೂಜೆ ಒತ್ನಲ್ಲಿ ಅಂಥಾ ಮಾತಾಡ್ತಾರಾ?"

ಆ ನೀರನ್ನು ತಾನೇ ಹುಯ್ದದ್ದು ನೆನೆದು ಅವಳಿಗೆ ತನ್ನ ಅಂಗೈ ಕಂಡರೂ ಹೇಸಿಗೆಯಾಯಿತು.

ನಂಜಪ್ಪ ಮೂಟೆಯ ಸುತ್ತ ಒಂದು ಸುತ್ತು ಬಂದ. "ಇರ್ಲಿ ಬುಡವ್ವ, ಎಲ್ಲಾನೂ ತೂಕಕ್ಕಾಕು. ಮ್ಯಾಗಿನ್ ಏಳ್ನ ಅಂಗೇ ಮಾರಾಣ. ಇವು ನಾಕ್ನ ಉಪ್ಪಾಕಿ ಅದುಮಿ ಅಚ್ಚು ಕಟ್ಟುದ್ರೆ ವಾಸ್ನೆ ಓಯ್ತದೆ."

"ಅಣ್ಣಾ, ಇದ್ರೊಳಗೆ ಉಳ ಅದೆ."

"ಕಲ್ಲಿದ್ರೆ ಗಿರಾಕಿ ಅಲ್ಲು ಮುರೀತದೆ, ಜಗಳಕ್ ಬತ್ತಾನೆ. ಇದು ಯಾರ್ಗ್ ಗೊತ್ತಾಯ್ತದೆ? ಸಾರ್ನಲ್ಲಿ ಬೆಂದೋಯ್ತದೆ."

ಇವನು ಹೇಳಿದ 'ಸುದ್ದ' ಇದು. ತಾಳವಾಡಿಯ ಅಂಗಡಿಯಲ್ಲಿ ಅಚ್ಚು ಹುಣಸೆ ಮಾರುತ್ತಾರೆ. ಮಳೆಗಾಲದಲ್ಲಿ ಮನೆಯದು ಮುಗಿದಾಗ ಅವಳೂ ತಂದಿದ್ದಾಳೆ, ಬಾಣಂತಿ ಸೊಸೆಯ ಸಾರಿಗೂ ಕಿವುಚಿದ್ದಾಳೆ.

"ಈ ನಾಕ್ ಬ್ಯಾಡ. ಆಚೆಗ್ ಸುರೀತೀನಿ."

"ಸುರಿ. ನೀ ಬಸ್ ಅತ್ತುದ್ ಮ್ಯಾಲೆ ನಮ್ಮಾಳ್ಗಳು ಬಾಚ್ಕತವೆ" ಅಂದ ನಂಜಪ್ಪ. ಹಮಾಲಿಗಳು ನಕ್ಕರು. ಪ್ರಕಾಶನೂ ನಕ್ಕ.

ಲೋಕೇಶ್ವರಿ ನಾಲ್ಕು ಮೂಟೆಯ ಬಾಯನ್ನೂ ಬಿಚ್ಚಿದಳು. ಎರಡು ತಿಂಗಳ ಹುಣಸೆ, ರಾಚಮ್ಮನ ಉಗುರು ಸವೆದ ಹುಣಸೆ, ಮೇಲೆ ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಲಾರಿ ಹತ್ತಿ ಎರಡೂ ಕೈಯಲ್ಲಿ ಆ ಗೊಬ್ಬರವನ್ನು ಬಾಚಿ ತಂದು ಮೂಟೆಗೆ ಹಾಕಿ ಮೊಣಕೈವರೆಗೆ ಕಲಸಿದಳು, ಹಿಟ್ಟಿಗೆ ನೀರು ಕಲಸುವ ಹಾಗೆ. ಮತ್ತೊಂದು ಬೊಗಸೆ. ಮತ್ತೊಂದು ಮೂಟೆ. ವಾಂತಿ ಬಂತು, ಪಕ್ಕಕ್ಕೆ ಮಾಡಿ, ಮತ್ತೆ ಕಲಸಿದಳು. ನಗು ಎಲ್ಲಿಗೆ ಹೋಯಿತೋ, ಹಮಾಲಿಗಳು ಹೆಗಲ ಟವೆಲು ತೆಗೆದು ಮೂಗಿಗೆ ಕಟ್ಟಿಕೊಂಡರು.

"ಏನಮ್ಮ ಇದು, ಮನ್ಸರ್ ಮಾಡೋ ಕೆಲ್ಸವಾ?" ನಂಜಪ್ಪ ಹಿಂದೆ ಸರಿದ. "ಏಳ್ ಮೂಟೆ ತೂಗ್ಸಿ ಕಳ್ಸ್ರೋ. ಬರೋ ವರ್ಸ ಬೇರೆ ಮಂಡಿ ನೋಡ್ಕ ಓಗವ್ವ, ನಿನ್ ಸವಾಸ ಸಾಕು."

"ಆಗ್ಲಿ" ಅಂದಳು ಲೋಕೇಶ್ವರಿ. ಏಳು ಮನೆಗೆ ಏನು ಹೇಳುವುದು ಅಂತ ಯೋಚಿಸುತ್ತಲೇ, ಗೋಡೆಯ ಹತ್ತಿರದ ನಲ್ಲಿಗೆ ಕೈ ಚಾಚಿದಳು.

"ಅಲ್ಲಲ್ಲ, ಅಲ್ ಮುಟ್ಬ್ಯಾಡ" ಅಂತ ನಂಜಪ್ಪ ಅಡ್ಡ ಬಂದ. "ಅದು ನಾವ್ ಕುಡಿಯೋ ನೀರು."

ಅವಳು ಆ ಕೈಗಳನ್ನು ಅವನ ಮುಖದ ಮುಂದೆಯೇ ಹಿಡಿದು ನಿಂತಳು. "ಸಾರ್ನಲ್ಲಿ ಬೆಂದೋಯ್ತದೆ ಅಂದ್ಯಲ್ಲಣ್ಣ" ಅಂದಳು.

ಆಮೇಲೆ ಬೀದಿಯ ಕೊಳಾಯಿ ಎಲ್ಲಿದೆ ಅಂತ ಹಮಾಲಿಯನ್ನು ಕೇಳಿಕೊಂಡು, ಕೈ ದೂರ ಹಿಡಿದುಕೊಂಡೇ ಹೊರಗೆ ನಡೆದಳು.