ಕಾಲೇಜಿನ ವಿಮೆಯೇ ಯಾಕೆ?

ಊರಲ್ಲಿ ತನಗೆ ಗೊತ್ತಿಲ್ಲದ ವಿಷಯವೊಂದಿದೆ ಎಂದರೆ ಆರ್ಲಿನ್ ಟ್ವೇಟ್ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನು. ಯಾರ ಮನೆಯ ಮುಂದೆ ಯಾರ ಕಾರು ನಿಂತಿದೆ ಎಂಬುದರಿಂದ ಹಿಡಿದು ಯಾರ ಮೊಣಕಾಲಿಗೆ ಆಪರೇಷನ್ ಆಯಿತು ಎಂಬುದರವರೆಗೆ ಎಲ್ಲವೂ ಅವನಿಗೆ ಬೇಕು. ಕೆಟ್ಟವನೇನಲ್ಲ. ಕುತೂಹಲ, ಅಷ್ಟೇ.

ಅಂಥವನ ಮುಂದೆ ಮಗಳು ಕಾಯಾ ಒಂದು ಒಗಟು ತಂದಿಟ್ಟಳು.

ಅವಳು ಪಕ್ಕದ ರಾಜ್ಯದ ಕಾಲೇಜಿಗೆ ಹೊರಟಿದ್ದಳು. ಕಾಲೇಜಿನವರು ಶುಲ್ಕದ ಜೊತೆಗೆ ತಮ್ಮದೇ ಆರೋಗ್ಯ ವಿಮೆಯನ್ನೂ ಸೇರಿಸಿಬಿಡುತ್ತಾರೆ. ಅಪ್ಪ ಅಮ್ಮನ ವಿಮೆಯಲ್ಲಿ ಇರುವವರು ಗಡುವಿನೊಳಗೆ ಬೇಡವೆಂದು ತಿಳಿಸಬೇಕು. ಅಮೆರಿಕದ ಮಿನೆಸೋಟಾದ ಆ ಸೀಮೆಯಲ್ಲಿ ಎಲ್ಲ ತಂದೆತಾಯಂದಿರೂ ಕಣ್ಣು ಮುಚ್ಚಿಕೊಂಡು ಬೇಡವೆನ್ನುವವರೇ. ಇಪ್ಪತ್ತಾರು ತುಂಬುವ ತನಕ ಮಕ್ಕಳು ಅಪ್ಪನ ವಿಮೆಯಲ್ಲೇ ಇರಬಹುದಲ್ಲ! ಅದರಲ್ಲೂ ಕೌಂಟಿ ನೌಕರಿಯ ವಿಮೆ ಇರುವವನು ಇನ್ನೊಂದನ್ನು ಕೊಳ್ಳುವುದೆಂದರೆ ಜನ ನಗುತ್ತಾರೆ. ಗಡುವಿನ ದಿನ ಸಂಜೆ ಆರ್ಲಿನ್ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ.

"ಅಪ್ಪಾ, ಬೇಡ ಅಂತ ಒತ್ಬೇಡ," ಎಂದಳು ಕಾಯಾ. "ನಂಗೆ ಕಾಲೇಜಿನದ್ದೇ ಬೇಕು. ನಿನ್ ವಿಮೇಲೇ ಇರು ಅಂದ್ರೆ, ಅಲ್ಲಿ ಏನೇ ಆದ್ರೂ ನಾನು ಡಾಕ್ಟರ ಹತ್ರ ಹೋಗಲ್ಲ."

"ಯಾಕೆ?"

"ಸುಮ್ನೆ."

ಸುಮ್ನೆಯಂತೆ! ಆರ್ಲಿನ್ ತಕ್ಷಣ ವಿಮೆಯವರಿಗೆ ಫೋನ್ ಮಾಡಿದ. ಕಾಲೇಜಿನ ಊರಿನ ಆಸ್ಪತ್ರೆ ನಮ್ಮ ವಿಮೆಗೆ ಸೇರಿದೆಯೇ? ಸೇರಿದೆ. ಕಾಲು ಮುರಿದರೆ? ಅದಕ್ಕೂ ಉಂಟು. ಕಾಯಾಳ ಉಬ್ಬಸದ ಪಂಪು? ಮೂಲೆಯ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಫೋನಿನ ಆ ತುದಿಯ ಹೆಂಗಸಿನ ಮೊಮ್ಮಗನ ಹೆಸರೂ ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ಮಗಳ ಕಾರಣ ಮಾತ್ರ ಗೊತ್ತಾಗಲಿಲ್ಲ.

ಹೆಂಡತಿ ಜನೆಲ್ ಓವನ್ನಿನಿಂದ ಹಾಟ್‌ಡಿಶ್, ಆಲೂಗಡ್ಡೆ ಹಾಕಿ ಬೇಯಿಸಿದ ಆ ಸೀಮೆಯ ಊಟ, ಹೊರತೆಗೆದಳು. "ಪತ್ತೇದಾರರು ಊಟಕ್ಕೆ ಏಳ್ತಾರೋ?"

"ಯಾವನಾದ್ರೂ ಹುಡುಗ ಇದಾನೇನೇ? ನಿಂಗೆ ಗೊತ್ತಿರುತ್ತೆ."

"ಗೊತ್ತು, ಹುಡುಗ ಗಿಡುಗ ಏನಿಲ್ಲ. ಅವಳನ್ನೇ ಕೇಳು. ಕೇಳಿ, ಒಂದ್ಸಲ ಬಾಯ್ಮುಚ್ಕೊಂಡು ಉತ್ತರ ಕೇಳಿಸ್ಕೋ."

ಕೇಳಿದ. ಕಾಯಾ ಮೇಜಿಗೆ ಜೋಡಿಸುತ್ತಿದ್ದ ಫೋರ್ಕು ಕೆಳಗಿಟ್ಟಳು.

"ನಾನು ಡಾಕ್ಟರ ಹತ್ರ ಹೋದ್ರೆ ಯಾವ ಡಾಕ್ಟರು, ಎಷ್ಟಾಯ್ತು ಅಂತ ವಿಮೆಯವ್ರ ಕಾಗದ ಯಾರ ಹೆಸರಿಗೆ ಬರುತ್ತೆ?"

"ನನ್ ಹೆಸರಿಗೆ. ವಿಮೆ ನಂದಲ್ವಾ?"

"ಬಂದ್ರೆ ಏನ್ಮಾಡ್ತೀಯ?"

"ಓದ್ತೀನಿ."

"ಆಮೇಲೆ?"

ಆರ್ಲಿನ್‌ಗೆ ಕಳೆದ ಈಸ್ಟರ್ ಹಬ್ಬದ ಊಟ ನೆನಪಾಯಿತು. ಅಜ್ಜಿ, ಚಿಕ್ಕಪ್ಪಂದಿರು, ಅವರ ಮಕ್ಕಳೆಲ್ಲ ಕೂತಿದ್ದರು. ಹಂದಿಮಾಂಸ ಕೊಯ್ಯುತ್ತಾ ಅವನೇ ಕೇಳಿದ್ದ: "ಏನೇ ಕಾಯಾ, ಮನಸ್ಸಿನ ಡಾಕ್ಟರ ಹತ್ರ ಹೋಗಿದ್ಯಂತೆ? ವಿಮೆಯವ್ರು ಕಾಗದ ಕಳ್ಸಿದಾರೆ. ನಮ್ ಬಗ್ಗೆ ಏನೇನು ಹೇಳ್ದೆ?" ತಿಳಿದುಕೊಳ್ಳೋಣವೆಂದು ಕೇಳಿದ್ದು. ಎಲ್ಲರೂ ತಟ್ಟೆ ನೋಡಿಕೊಂಡು ಕೂತಿದ್ದರು.

"ಅವತ್ತಿಂದ ನಾನು ಹೋಗ್ಲೇ ಇಲ್ಲ," ಎಂದಳು ಕಾಯಾ. "ಬೇಸಿಗೆಯೆಲ್ಲ ನಿದ್ದೆ ಇಲ್ಲ, ಎದೆ ಡವಡವ. ಪಕ್ಕದ ರೂಮಲ್ಲೇ ಇದ್ದೆ. ನಿಂಗೆ ಗೊತ್ತೇ ಆಗ್ಲಿಲ್ಲ."

ಆರ್ಲಿನ್‌ಗೆ ನಾಚಿಕೆಯಾಯಿತು. ಊರವರ ಮೊಣಕಾಲೆಲ್ಲ ಗೊತ್ತಿದ್ದವನು ಅವನು. ಏನೋ ಹೇಳಲು ಹೋದ, ಅದೂ ಪ್ರಶ್ನೆಯೇ ಆಗುತ್ತಿತ್ತು. ಕೈ ಚಾಚಿ, ಏನೂ ಒತ್ತದೆ ಲ್ಯಾಪ್‌ಟಾಪ್ ಮುಚ್ಚಿದ.

"ಕಾಲೇಜಿನದ್ದೇ ಇರ್ಲಿ. ಕಾಗದ ನಿನ್ ಹೆಸರಿಗೇ ಬರ್ಲಿ," ಎಂದ.

ಜನೆಲ್ ಎಲ್ಲರಿಗೂ ಬಡಿಸಿದಳು.

"ಹೋದ ಮೊದಲ ವಾರಾನೇ ಅಲ್ಲೊಬ್ರು ಮನಸ್ಸಿನ ಡಾಕ್ಟರನ್ನ ನೋಡ್ತೀನಿ, ಅಪ್ಪಾ," ಎಂದಳು ಕಾಯಾ, ಯಾರೂ ಕೇಳದಿದ್ದರೂ.

ಯಾರನ್ನ, ಎಲ್ಲಿ, ಏನು ಹೇಳ್ತೀಯ, ಎಲ್ಲವೂ ಆರ್ಲಿನ್‌ನ ನಾಲಿಗೆಯ ತುದಿಗೆ ಬಂದು ನಿಂತವು. ಹೊಗೆಯಾಡುತ್ತಿದ್ದ ಆಲೂಗಡ್ಡೆಯನ್ನು ಅವನು ಗಬಕ್ಕನೆ ಬಾಯಿಗೆ ತುಂಬಿಕೊಂಡ. ಬಾಯಿ ಸುಟ್ಟು ಕಣ್ಣಲ್ಲಿ ನೀರು ಬಂತು, ಆದರೂ ಬಾಯಿ ತೆರೆಯಲಿಲ್ಲ.