ಕೆರೆಗೆ ಹಾಕಿದ ಗೊಬ್ಬರ

ಗಾಡಿ ಕಟ್ಟದೆ ಗದ್ದೆಗೆ ಗೊಬ್ಬರ ಹೊಡೆಯೋ ಉಪಾಯ ಹೊಳೆದದ್ದು ಆವುಲಪ್ಪನಿಗೆ. ಉದ್ದನಪಲ್ಲಿ ಪಕ್ಕದ ಆ ಪುಟ್ಟ ಊರಿನ ಕೆರೆಗೆ ಅವನೇ ನೀರುಗಂಟಿ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ನೀರು ಅನ್ನೋದು, ಎಲ್ಲಾ ಅವನದೇ ಯಜಮಾನಿಕೆ. ಯುದ್ಧದ ಕಾಲ ಬೇರೆ. ಹೆಚ್ಚು ಬೆಳೀರಿ, ಹೆಚ್ಚು ಬೆಳೀರಿ ಅಂತ ಸರ್ಕಾರದೋರು ಹೊಸೂರಿನಿಂದ ಬಂದು ತಮಟೆ ಹೊಡೆಸೋರು. ಬೇಸಿಗೇಲಿ ಕುರಿಮಂದೆ ತಂದು ಗದ್ದೇಲಿ ತಂಗಿಸಿ, ಹಿಕ್ಕೆ ಬೀಳಿಸಿಕೊಳ್ಳೋದು ಎಲ್ಲರೂ ಮಾಡೋದೇ. ಈ ಮಹಾರಾಯ ಮಂದೆಗಳನ್ನೆಲ್ಲ ಒಣಗಿದ ಕೆರೆಯಂಗಳದಲ್ಲೇ ತಂಗಿಸಿಬಿಟ್ಟ.

“ಮಳೆ ಬರ್ಲಿ. ಹಿಕ್ಕೆ ನೀರಲ್ಲಿ ಕರಗಿ, ತೂಬಿನಾಗಿಂದ ತಾನೇ ಗದ್ದೆಗೆ ಹೋಯ್ತದೆ. ಗಾಡಿ ಯಾಕ್ರಲಾ, ಎತ್ತು ಯಾಕೆ?” ಅಂದ.

ಊರೋರು ತಲೆದೂಗಿದರು. ಮೈಗಳ್ಳತನಕ್ಕೆ ಯಾರಾದರೂ ಜಾಣತನ ಅಂತ ಹೆಸರಿಟ್ಟುಕೊಟ್ಟರೆ ಬೇಡ ಅನ್ನೋರು ಯಾರು? ಮನೆಮನೆಯ ತಿಪ್ಪೆಯೂ ಕೆರೆಯಂಗಳಕ್ಕೆ ಬಂದು ಬಿತ್ತು.

ಮಳೆ ಬಂತು, ಕೆರೆ ತುಂಬಿತು, ಪೈರು ಕರ್ರಗೆ ಎದ್ದು ನಿಂತಿತು. ಆವುಲಪ್ಪ ಮೀಸೆ ತಿರುವಿಕೊಂಡು ಏರಿ ಮೇಲೆ ಓಡಾಡಿದ್ದೇ ಓಡಾಡಿದ್ದು. ಆಮೇಲೆ ಬಿಸಿಲು ಕಾಯ್ತು ನೋಡಿ, ನೀರಿನ ಮೇಲೆ ಹಸಿರು ಕೆನೆ ಕಟ್ಟೋಕೆ ಹತ್ತಿತು. ವರ್ಷಾವರ್ಷ ದಡದಲ್ಲಿ ಕಾಣೋ ಪಾಚಿಯಲ್ಲ ಅದು. ಕೈ ಅದ್ದಿದರೆ ಬಣ್ಣದ ಹಾಗೆ ಬೆರಳಿಗೆ ಮೆತ್ತಿಕೊಳ್ಳೋದು, ಮೂಗು ಮುಚ್ಚಿಕೊಳ್ಳೋ ಹಾಗೆ ನಾರೋದು. ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ದಡದುದ್ದಕ್ಕೂ ಬಿದ್ದಿದ್ದವು. ಯಾರ ಕಣ್ಣಿಗೂ ಬೀಳೋ ಮುಂಚೆ ಆವುಲಪ್ಪ ಅವನ್ನ ಬಾಚಿ ಹೂತುಹಾಕಿದ. ತಾನು ಕೆರೆ ಕೆಡಿಸಿದೆ ಅಂತ ಅವನಿಗೆ ಆಗಲೇ ಗೊತ್ತಾಯ್ತು, ಆದರೂ ಬಾಯಿ ಬಿಡಲಿಲ್ಲ.

ಅವತ್ತೇ ಮಧ್ಯಾಹ್ನ ಅವನ ಅಕ್ಕ ಮುನಿಗಂಗಮ್ಮ ಎಮ್ಮೆ ಹೊಡಕೊಂಡು ಬಂದಳು. ತಾಯಿ ಇಲ್ಲದ ಆವುಲಪ್ಪನನ್ನ ಎತ್ತಿ ಆಡಿಸಿ ಸಾಕಿದವಳು. ಗಂಡ ಸತ್ತ ಮೇಲೆ ಅವಳ ಜೀವನ ನಡೀತಿದ್ದದ್ದು ಆ ಒಂದೇ ಎಮ್ಮೆಯ ಹಾಲು ಮೊಸರಿನ ಮೇಲೆ.

“ಆವುಲಾ, ನೀರು ಹಿಂಗೈತಲ್ಲೋ. ಎಮ್ಮೆ ಮೂಸಿ ಮೂಸಿ ಹಿಂದಕ್ಕೆ ಬತ್ತದೆ. ಕುಡಿಸ್ಲಾ, ಇಲ್ಲಾ ಬಾವಿ ತಾವಕ್ಕೆ ಹೊಡಕೊಂಡು ಹೋಗ್ಲಾ?”

ಏರಿ ಮೇಲೆ ದೊಡ್ಡವೆಂಕಟಪ್ಪ ಇನ್ನಿಬ್ಬರ ಜೊತೆ ಕೂತಿದ್ದ. ಗೊಬ್ಬರದ ಉಪಾಯ ಕೇಳಿ ಆವುಲಪ್ಪನನ್ನ ಮೊದಲು ಹೊಗಳಿದವನೇ ಅವನು. ಅವನ ಮುಂದೆ ಹೆಂಗೆ ಒಪ್ಪಿಕೊಳ್ಳೋದು? ಹಾಳು ಮರ್ಯಾದೆ ಅಡ್ಡ ಬಂತು.

“ಪಾಚಿ ಯಾವ ಕೆರೇಲಿ ಕಟ್ಟಾಕಿಲ್ಲ ಹೇಳಕ್ಕಾ? ಕುಡಿಸು, ಏನೂ ಆಗಾಕಿಲ್ಲ,” ಅಂದುಬಿಟ್ಟ.

ತಮ್ಮ ಹೇಳಿದ ಮೇಲೆ ಮುಗೀತು. ಮುನಿಗಂಗಮ್ಮ ಮೊಣಕಾಲುದ್ದ ನೀರಿಗಿಳಿದು, ಎಮ್ಮೆಯನ್ನ ಪುಸಲಾಯಿಸಿ ಕುಡಿಸಿದಳು.

ಹೊತ್ತು ಮುಳುಗೋದರೊಳಗೆ ಎಮ್ಮೆ ಗಡಗಡ ನಡುಗಿ, ಬಾಯಲ್ಲಿ ನೊರೆ ಬಿಟ್ಟು ಸತ್ತೇಹೋಯ್ತು.

ಬೆಳಗ್ಗೆ ಜನ ಕೆರೆ ಹತ್ತಿರ ಸೇರಿದರು. ಈ ನೀರಿಂದಲೇ ಆಗಿರಬೇಕು ಅಂದ ದೊಡ್ಡವೆಂಕಟಪ್ಪ. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಮುನಿಗಂಗಮ್ಮ ಅವನ ಮೇಲೆಯೇ ಹರಿಹಾಯ್ದಳು.

“ನನ್ನ ತಮ್ಮ ನೋಡಿ ಹೇಳವ್ನೆ, ನೀರಲ್ಲೇನೂ ಇಲ್ಲ. ನನ್ನ ಹಣೇಬರ ನೆಟ್ಟಗಿಲ್ಲ, ಅಷ್ಟೇ. ಸುಮ್ಕೆ ಅವನ ಮೇಲೆ ಹಾಕ್ಬ್ಯಾಡಿ.”

ಅಷ್ಟಕ್ಕೇ ಬಿಡಲಿಲ್ಲ ಅವಳು. ಕೆರೆಗೆ ಇಳಿದು, ಕೆನೆ ಸರಿಸಿ, ಎಲ್ಲರೂ ನೋಡಲಿ ಅಂತ ಬೊಗಸೆ ತುಂಬ ನೀರೆತ್ತಿ ಬಾಯಿ ಹತ್ತಿರ ತಂದಳು.

ಆವುಲಪ್ಪ ಎದ್ದುಬಿದ್ದು ಓಡಿಹೋಗಿ ಅವಳ ಕೈ ಹಿಡಿದ. ನೀರು ಚೆಲ್ಲಿತು.

“ಬ್ಯಾಡಕ್ಕಾ. ನೀರು ಕೆಟ್ಟೈತೆ. ಕೆಡಿಸಿದೋನೇ ನಾನು. ನೀನು ಕೇಳಿದಾಗ್ಲೇ ನಂಗೆ ಗೊತ್ತಿತ್ತು.”

ಮುನಿಗಂಗಮ್ಮ ಅವನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರ ಆಗೋದು.

“ಅದು ಒಲ್ಲೆ ಅಂತಿತ್ತು ಕಣೋ,” ಅಂದಳು. “ನಾನೇ ಕತ್ತು ನೇವರಿಸಿ ಕುಡಿಸ್ದೆ.”